ನೀಲಿ ರಟ್ಟಿನ ಪಾಸ್‌ವರ್ಡ್ ಪುಸ್ತಕ

ನರಸಿಂಹರಾಜಪುರ
೯ ಆಗಸ್ಟ್ ೨೦೨೫, ಶನಿವಾರ

ನನ್ನ ಮುದ್ದು ಶ್ವೇತಾ,

ನಿನ್ನ ಜಹೀರಕ್ಕನ ಸಲಾಂ. ಮೆಣಸೆಯಲ್ಲಿ ನಿನ್ನ ಅಣ್ಣ ಕಿರಣ, ಅತ್ತಿಗೆ, ಅವರ ಪುಟ್ಟ ಕೂಸು ಎಲ್ಲರೂ ಚೆನ್ನಾಗಿದ್ದಾರೆ ಎಂದುಕೊಂಡಿದ್ದೇನೆ. ನೀನು ಶೃಂಗೇರಿಯಲ್ಲಿ ಬಟ್ಟೆ ಅಂಗಡಿಯ ಬಿಲ್ಲು ಹಾಕುವ ಕೆಲಸಕ್ಕೆ ಸೇರಿದ್ದು, ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಕೂದಲು ಒಣಗಿಸಿಕೊಳ್ಳುತ್ತಲೇ ಓಡುವುದು, ಎಲ್ಲ ಅವರಿವರ ಬಾಯಿಂದ ನನ್ನ ಕಿವಿಗೆ ಬೀಳುತ್ತದೆ. ನೀನೇ ಯಾಕೆ ಹೇಳಲಿಲ್ಲ ಎಂದು ಕೇಳಲು ನನಗೆ ಮುಖವಿಲ್ಲ.

ದಿನಕ್ಕೆ ನಲವತ್ತು ಐವತ್ತು ಜನರ ಅರ್ಜಿ ತುಂಬುವ ಕೈ ಇದು. ಸ್ವಂತದ್ದೊಂದು ಮಾತು ಬರೆಯಲು ಕೂತರೆ ಮೂರು ಹಾಳೆ ಹರಿದೆ. ನಿನ್ನ ಭಾವ ಆಸಿಫ್ ನೋಡಿ ನಕ್ಕರು, ಟೈಪ್ ಮಾಡಿ ಪ್ರಿಂಟ್ ತೆಗಿ ಮಾರಾಯ್ತಿ ಎಂದರು. ಬೇಡ ಎಂದೆ. ಕಂಪ್ಯೂಟರಿನಲ್ಲಿ ಆದರೆ ಅಳಿಸಿ ಅಳಿಸಿ ಚೆಂದ ಮಾಡಿಬಿಡುತ್ತೇನೆ. ಇದು ಚೆಂದ ಮಾಡಬಾರದ ವಿಷಯ.

ಮೊದಲು ನಮ್ಮ ಸೈಬರ್ ಅಂಗಡಿಯ ಸುದ್ದಿ ಹೇಳುತ್ತೇನೆ. ವೆಂಕಮ್ಮನವರು ಈಗ ತಮ್ಮ ಪಾಸ್‌ವರ್ಡನ್ನು ತಾವೇ ಒತ್ತುತ್ತಾರೆ. ನಂಬುತ್ತೀಯಾ? ಎಪ್ಪತ್ತೆರಡು ವರ್ಷ ಅವರಿಗೆ. ಒಂದೊಂದು ಅಕ್ಷರ ಹುಡುಕಿ, ತೋರುಬೆರಳಿನಲ್ಲಿ ಕುಟ್ಟಿ, ಪ್ರತಿ ಸಲವೂ ನನ್ನ ಕಡೆ ತಿರುಗಿ, ನೀನು ಆಚೆ ನೋಡು ಎನ್ನುತ್ತಾರೆ. ನಾನು ಗೋಡೆ ನೋಡುತ್ತೇನೆ. ಹಿಂದೆ ಕುಳಿತವರು ಗಡಿಯಾರ ನೋಡುತ್ತಾರೆ. ಪಿಂಚಣಿಯ ಪುಟ ತೆರೆದುಕೊಂಡಾಗ ಆ ಮುಖದಲ್ಲಿ ಬರುವ ಕಳೆ ನೀನು ನೋಡಬೇಕಿತ್ತು. ಅವರು ಒತ್ತುವುದು ಮೊದಲಿನ ಪಾಸ್‌ವರ್ಡೇ, ಎಂದೋ ಮಾರಿಬಿಟ್ಟ ಎಮ್ಮೆಯ ಹೆಸರು. ಬದಲಾಯಿಸಿ ಎಂದರೆ ಕೇಳುವುದಿಲ್ಲ. ಹೆಸರು ಇಲ್ಲಿ ಬರೆಯುವುದಿಲ್ಲ. ಯಾರ ಪಾಸ್‌ವರ್ಡನ್ನೂ ಇನ್ನು ಎಲ್ಲಿಯೂ ಬರೆಯುವುದಿಲ್ಲ ಎಂದು ಆಣೆ ಮಾಡಿದ್ದೇನೆ.

ಯಾಕೆಂದರೆ ನೀಲಿ ಪುಸ್ತಕ ಈಗ ಇಲ್ಲ.

ನೀನು ಅಂಗಡಿಗೆ ಕೆಲಸಕ್ಕೆ ಬಂದ ವರ್ಷವೇ ಅಲ್ಲವಾ ನಾವು ಅದನ್ನು ಶುರು ಮಾಡಿದ್ದು? ಯಾರು ಬಂದರೂ ಪಾಸ್‌ವರ್ಡ್ ಮರೆತುಹೋಯ್ತು ಎನ್ನುವವರೇ. ವಿದ್ಯಾರ್ಥಿವೇತನದ್ದು ಒಂದು, ಪಹಣಿಯದ್ದು ಒಂದು, ಮೇಲ್‌ನದ್ದು ಇನ್ನೊಂದು. ಮರೆತವರ ಹೊಸ ಪಾಸ್‌ವರ್ಡ್ ಮಾಡಿಕೊಡುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಆಗ ನೀನು ನಿನ್ನ ದುಂಡು ಅಕ್ಷರದಲ್ಲಿ ಹೆಸರು, ಊರು, ಪಾಸ್‌ವರ್ಡ್ ಎಂದು ಮೂರು ಗೆರೆ ಹಾಕಿ ಬರೆಯಲು ಶುರು ಮಾಡಿದೆ. ಆರು ವರ್ಷದಲ್ಲಿ ನಾನೂರು ಜನ ಆದರು. ಇಷ್ಟು ಜನರ ಬೀಗದ ಕೈ ನಮ್ಮ ಹತ್ತಿರ ಇದೆಯಲ್ಲ ಅಕ್ಕ, ಇದನ್ನು ಕಪಾಟಿನೊಳಗೆ ಇಡೋಣ ಎಂದು ನೀನು ಎಷ್ಟು ಸಲ ಹೇಳಿದೆ! ನಾನು ಕೇಳಲಿಲ್ಲ. ಕೈಗೆ ಸಿಗುವಂತಿರಲಿ ಎಂದು ಪ್ರಿಂಟರಿನ ಪಕ್ಕದಲ್ಲೇ ಇಟ್ಟೆ.

ಈಗ ಆ ದಿನದ ಮಾತು. ನಿನಗೆ ಎಲ್ಲ ನೆನಪಿದೆ. ಆದರೂ ನನ್ನ ಕೈಯಾರೆ ಬರೆಯಬೇಕು.

ಹೋದ ವರ್ಷ ಜುಲೈ. ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ಗೊಬ್ಬರದ ಅಂಗಡಿ ಸೋಮಶೇಖರಪ್ಪನವರ ಮಗಳು ಮೇಘನ ಬಂದಳು. ಕೈಯಲ್ಲಿ ಸಿಇಟಿ ಸೀಟಿನ ಹಾಳೆ. ಆ ಹುಡುಗಿಗೆ ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದುವ ಆಸೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಅವಳ ಆಪ್ಷನ್ ತುಂಬಿದ್ದು ನೀನೇ. ಅರಣ್ಯಶಾಸ್ತ್ರ ಮೊದಲು, ಉಳಿದದ್ದೆಲ್ಲ ಆಮೇಲೆ ಎಂದು ಅವಳು ಹೇಳಿಹೇಳಿ ಬರೆಸಿದ್ದಳು. ಹಾಳೆಯಲ್ಲಿ ಬಂದದ್ದು ಚಿಕ್ಕಮಗಳೂರಿನ ಇಂಜಿನಿಯರಿಂಗ್ ಸೀಟು.

“ನನ್ನ ಆಪ್ಷನ್ ಯಾರೋ ಹಿಂದೆ ಮುಂದೆ ಮಾಡಿದಾರೆ. ಇಂಜಿನಿಯರಿಂಗ್ ಮೊದಲಿಗೆ ಬಂದಿದೆ. ಪಾಸ್‌ವರ್ಡ್ ನನ್ನ ಬಿಟ್ರೆ ನಿಮ್ಮ ಪುಸ್ತಕದಲ್ಲಿ ಮಾತ್ರ ಇತ್ತು. ಯಾರಿಗೆ ಕೊಟ್ರಿ?” ಎಂದಳು. ಧ್ವನಿ ಏರಿಸಲಿಲ್ಲ. ಅವಳು ಕಿರುಚಿದ್ದರೆ ನಾನೂ ಕಿರುಚಿ ಪಾರಾಗುತ್ತಿದ್ದೆನೋ ಏನೋ.

ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನಾನು ನಿನ್ನ ಕಡೆ ತಿರುಗಿ ಕೇಳಿದೆ. “ಶ್ವೇತಾ, ನೀನು ತಪ್ಪಿ ಎಂತಾದ್ರೂ ಒತ್ತಿದ್ಯಾ?”

ನೀನು ಕೀಬೋರ್ಡ್ ಮೇಲಿಂದ ಕೈ ತೆಗೆದೆ. ನನ್ನ ಮುಖ ನೋಡಿದೆ. “ಇರಬಹುದು ಅಕ್ಕ” ಎಂದೆ. ಆಮೇಲೆ ಮೇಘನಳಿಗೆ ಕೈಮುಗಿದೆ.

ನೀನು ತಪ್ಪಿ ಒತ್ತಿರಲಿಲ್ಲ. ಅದನ್ನು ಬದಲಾಯಿಸಿದ್ದು ನಾನು.

ಆಪ್ಷನ್ ತುಂಬುವ ಕೊನೆಯ ದಿನದ ಹಿಂದಿನ ದಿನ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸೋಮಶೇಖರಪ್ಪನವರು ಬಂದರು. ಗಿರಾಕಿಗಳು ಯಾರೂ ಇರಲಿಲ್ಲ. ಮಗಳು ಪಾಸ್‌ವರ್ಡ್ ಮರೆತಿದ್ದಾಳೆ, ಒಂದು ಸಲ ತೆಗೆದು ನೋಡಬೇಕು ಎಂದರು. ನಾನು ಪುಸ್ತಕ ನೋಡಿ ತೆರೆದೆ. ಒಟಿಪಿ ಅವರದೇ ಫೋನಿಗೆ ಬಂತು. ಪಟ್ಟಿ ಕಂಡ ಕೂಡಲೇ ಅವರು ಕುರ್ಚಿ ಎಳೆದುಕೊಂಡು ಕೂತರು. ಇಂಜಿನಿಯರಿಂಗ್ ಮೇಲಕ್ಕೆ ಹಾಕಿ ಎಂದರು. ಮೇಘನ ಬರಲಿ ಎಂದೆ ನಾನು. ನಿಜವಾಗಿ ಎಂದೆ. ಆಗ ಅವರ ಕಣ್ಣಲ್ಲಿ ನೀರು ಬಂತು. “ಅವಳ ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಜಹೀರಾ. ಇವಳು ಶಿರಸಿಗೆ ಹೋದ್ರೆ ಯಾವಾಗ ಬರಾದು, ಯಾವಾಗ ನೋಡಾದು? ಚಿಕ್ಕಮಗಳೂರಾದ್ರೆ ಶನಿವಾರ ಶನಿವಾರ ಬರ್ತಾಳೆ. ನೀನೂ ಒಬ್ಳು ತಾಯಿ ಅಲ್ವಾ” ಎಂದರು.

ಹೌದು, ನಾನೂ ಒಬ್ಬಳು ತಾಯಿ. ನನ್ನ ಸುಮಯ್ಯ ಮದುವೆಯಾಗಿ ಭಟ್ಕಳಕ್ಕೆ ಹೋಗಿ ಆಗ ಎರಡೇ ತಿಂಗಳಾಗಿತ್ತು. ಅಡುಗೆಮನೆಯಲ್ಲಿ ಅವಳ ಲೋಟ ಕಂಡರೆ ಅಳು ಬರುವ ಕಾಲ. ಮಗಳು ಹತ್ತಿರ ಇರಲಿ ಎಂದು ಒಬ್ಬ ತಂದೆ ಕೇಳಿದರೆ ತಪ್ಪೇನು ಎಂದುಕೊಂಡೆ. ಅಪ್ಪ ತಾನೇ, ಹೊರಗಿನವರಲ್ಲವಲ್ಲ ಎಂದುಕೊಂಡೆ. ಅವರಿಗೆ ಮೌಸ್ ಹಿಡಿಯಲು ಬರುವುದಿಲ್ಲ. ನಾನೇ ಹಿಡಿದೆ. ನಾನೇ ಅರಣ್ಯಶಾಸ್ತ್ರವನ್ನು ಒಂದನೆಯದರಿಂದ ಒಂಬತ್ತನೆಯದಕ್ಕೆ ಇಳಿಸಿದೆ. ಎರಡು ನಿಮಿಷದ ಕೆಲಸ. ಅವರು ಹೋಗುವಾಗ ಮಗಳಿಗೆ ಹೇಳುವುದು ಬೇಡ ಎಂದರು. ನಾನು ತಲೆ ಆಡಿಸಿದೆ.

ಮೇಘನ ಆ ಸೀಟು ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ ಮತ್ತೆ ಬರೆಯುತ್ತೇನೆ ಎಂದು ಹಟ ಹಿಡಿದು ಮನೆಯಲ್ಲೇ ಉಳಿದಳು. ನೀನು ಒಂದು ವಾರ ಬಂದೆ, ಆಮೇಲೆ ಬರಲಿಲ್ಲ. ಯಾರೋ ನಿನಗೆ ಬಸ್‌ಸ್ಟ್ಯಾಂಡಿನಲ್ಲಿ ಏನೋ ಅಂದರಂತೆ, ಒಂದು ಹುಡುಗಿಯ ಬಾಳು ಹಾಳು ಮಾಡಿದವಳು ಎಂದು. ಅದು ನನಗೆ ಎರಡು ದಿನ ಬಿಟ್ಟು ತಿಳಿಯಿತು. ತಿಳಿದ ಮೇಲೂ ನಾನು ನಿನ್ನ ಮನೆಗೆ ಬರಲಿಲ್ಲ.

ಇನ್ನೂ ಇದೆ. ನೀನು ಹೋದ ಮೇಲೆ ಊರಲ್ಲಿ ಗುಲ್ಲಾಯಿತು. ಜಹೀರಾನ ಅಂಗಡಿಯಲ್ಲಿ ಪಾಸ್‌ವರ್ಡ್ ಕೊಟ್ಟರೆ ಏನೇನೋ ಆಗುತ್ತದಂತೆ ಎಂದು. ಕಮ್ಮರಡಿಯ ಕಡೆಯಿಂದ ಒಬ್ಬ ಮೇಷ್ಟ್ರು ಬಂದು, ತಮ್ಮ ಮೇಲ್ ಯಾರಾದರೂ ತೆಗೆದು ನೋಡಿರಬಹುದಾ ಎಂದು ಅರ್ಧ ಗಂಟೆ ಕೇಳಿದರು. ಒಬ್ಬ ಹುಡುಗಿ, ನನ್ನ ಫೋಟೋ ಎಲ್ಲ ಆ ಮೇಲ್‌ನಲ್ಲಿದೆ ಆಂಟಿ ಎಂದು ಬಾಗಿಲಲ್ಲೇ ನಿಂತು ಅತ್ತಳು. ಅಬ್ದುಲ್ ರಹಮಾನ್ ಕಾಕಾ, ಅಡಿಕೆ ಮಂಡಿಯವರು, ನಾನು ಹುಟ್ಟಿದಾಗಿನಿಂದ ನನ್ನನ್ನು ಬಲ್ಲವರು, ಪುಸ್ತಕ ತರಿಸಿಕೊಂಡು ತಮ್ಮ ಹೆಸರಿದ್ದ ಸಾಲನ್ನು ತಮ್ಮ ಪೆನ್ನಿನಿಂದಲೇ ಕಾಗದ ಹರಿಯುವ ಹಾಗೆ ಗೀಚಿದರು.

ಅವರಿಗೆಲ್ಲ ನಾನು ಏನು ಹೇಳಿದೆ ಗೊತ್ತಾ? “ಹೆದರಬೇಡಿ, ಆ ಹುಡುಗಿ ಈಗ ಇಲ್ಲಿಲ್ಲ.”

ಒಂದು ಸಲ ಅಲ್ಲ ಶ್ವೇತಾ. ಎಷ್ಟು ಸಲ ಹೇಳಿದೆನೋ ಲೆಕ್ಕ ಇಲ್ಲ. ಹೇಳುತ್ತಾ ಹೇಳುತ್ತಾ ನನಗೇ ಅದು ನಿಜ ಅನ್ನಿಸತೊಡಗಿತು. ಒಂದು ದಿನ ಆಸಿಫ್, ಶ್ವೇತ ಎಷ್ಟು ಜಾಗ್ರತೆಯ ಹುಡುಗಿ, ಅವಳು ಹೇಗೆ ತಪ್ಪಿದಳು ಎಂದರು. ಎಲ್ಲರೂ ತಪ್ಪುತ್ತಾರೆ ಎಂದು ಅವರ ತಟ್ಟೆಗೆ ಸಾರು ಬಡಿಸಿದೆ.

ಈ ವರ್ಷ ಜುಲೈನಲ್ಲಿ ಮತ್ತೆ ಆಪ್ಷನ್ ತುಂಬುವ ಸಮಯ ಬಂತು. ಮೇಘನ ಈ ಸಲ ನಮ್ಮ ಅಂಗಡಿಗೆ ಬರಲಿಲ್ಲ, ತನ್ನ ಫೋನಿನಲ್ಲೇ ತುಂಬಿಕೊಂಡಳು. ಬಂದವರು ಸೋಮಶೇಖರಪ್ಪನವರು. ಹೋದ ಸಲದ ಹಾಗೆಯೇ ಮಧ್ಯಾಹ್ನ. ಮಗಳು ಹೊಸ ಪಾಸ್‌ವರ್ಡ್ ಇಟ್ಟಿದ್ದಾಳೆ, ಹೇಗಾದರೂ ತೆಗೆಯಲು ಬರುತ್ತದಾ, ಒಟಿಪಿ ನನ್ನ ಫೋನಿಗೇ ಬರುತ್ತದೆ ಎಂದರು.

ತೆಗೆಯಲು ಬರುತ್ತಿತ್ತು. ನಿನಗೂ ಗೊತ್ತು. ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರೆ ಸಾಕಿತ್ತು. ನನ್ನ ಕೈ ಮೌಸ್ ಮೇಲೇ ಇತ್ತು.

“ಆಗಲ್ಲ ಅಣ್ಣ” ಎಂದೆ.

“ಹೋದ ಸಲ ಆಯ್ತಲ್ಲ?” ಎಂದರು.

ಆ ಮಾತು ಅವರ ಬಾಯಿಂದ ಅಷ್ಟು ಸುಲಭವಾಗಿ ಬಂತು. ಮುಂದಿನ ವರ್ಷವೂ ಇವರು ಬರುತ್ತಾರೆ, ನಾಳೆ ಇನ್ನೊಬ್ಬ ಅಣ್ಣ ತಂಗಿಯದ್ದು ಕೇಳಲು ಬರುತ್ತಾನೆ, ನಾಡಿದ್ದು ಒಬ್ಬ ಗಂಡ ಹೆಂಡತಿಯದ್ದು ಕೇಳಲು ಬರುತ್ತಾನೆ ಅನ್ನಿಸಿತು. ನಾನು ಎದ್ದು ಅಂಗಡಿಯ ಬಾಗಿಲು ಎಳೆದೆ. ನಡೀರಿ ಅಣ್ಣ, ನಿಮ್ಮ ಮನೆಗೇ ಹೋಗೋಣ ಎಂದೆ. ಅವರು ಯಾಕೆ ಎಂತ ಎಂದು ಕೇಳುತ್ತಲೇ ಹಿಂದೆ ಬಂದರು. ಗೊಬ್ಬರದ ಅಂಗಡಿಯ ಹಿಂದೆಯೇ ಮನೆ. ಮುನ್ನೂರು ಹೆಜ್ಜೆ ಇರಬಹುದು. ಅಷ್ಟು ದೂರ ನಡೆಯುವುದರಲ್ಲಿ ನನಗೆ ಮೂರು ಸಲ ತಿರುಗಿ ಓಡಿಹೋಗೋಣ ಅನ್ನಿಸಿತು.

ಮೇಘನ ಅಮ್ಮನಿಗೆ ಮಾತ್ರೆ ಬಿಡಿಸಿ ಕೊಡುತ್ತಿದ್ದಳು. ಗಂಗಾಂಬಿಕಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಾ ಜಹೀರಾ, ಎಷ್ಟು ದಿನ ಆಯ್ತು ಎಂದು ನಕ್ಕರು. ನಿಂತೇ ಇದ್ದೆ. ಕೂತರೆ ಹೇಳಲಾರೆ ಅನ್ನಿಸಿತು.

“ಮೇಘನ, ಹೋದ ವರ್ಷ ನಿನ್ನ ಆಪ್ಷನ್ ಬದಲಾಯಿಸಿದ್ದು ನಾನು. ಶ್ವೇತ ಅಲ್ಲ. ನಿನ್ನ ಅಪ್ಪ ಕೇಳಿದ್ರು, ನಾನು ಮಾಡಿದೆ. ನಿನ್ನನ್ನ ಕೇಳದೆ ಮಾಡಿದೆ” ಎಂದೆ.

ಸೋಮಶೇಖರಪ್ಪನವರು ಗೋಡೆಗೆ ಕೈ ಕೊಟ್ಟರು. ಮೇಘನಳ ಅಂಗೈಯಲ್ಲಿ ಎರಡು ಮಾತ್ರೆ ಹಾಗೇ ಇತ್ತು. ಮೊದಲು ಮಾತಾಡಿದ್ದು ಗಂಗಾಂಬಿಕಮ್ಮ. ಗಂಡನ ಕಡೆ ತಿರುಗಿದರು.

“ಎಂತಕ್ಕೆ ಮಾಡಿದ್ರಿ?”

“ನಿನಗೋಸ್ಕರ. ನೀನು ಹೀಗಿರುವಾಗ ಅವಳು ಹತ್ತಿರ ಇರಲಿ ಅಂತ.”

“ನಾನು ಕೇಳಿದ್ನಾ?” ಎಂದರು ಆಕೆ. “ನನ್ನ ಕಾಯಿಲೆ ಹೆಸರು ಹೇಳಿ ನನ್ನ ಮಗಳ ಒಂದು ವರ್ಷ ತಗಂಡ್ರಾ? ಒಂದು ವರ್ಷ ಅವಳು ನನಗೆ ಮಾತ್ರೆ ಕೊಡುವಾಗೆಲ್ಲ, ಆ ಶ್ವೇತನ್ನ ಬೈದುಕೊಂಡೇ ಕೊಟ್ಟಳಲ್ಲ. ನೀವು ಇಲ್ಲೇ ಕೂತು ಕೇಳ್ತಾ ಇದ್ರಲ್ಲ!”

ಅವರಿಗೆ ಉಸಿರು ಹತ್ತಿತು. ಮೇಘನ ಅಮ್ಮನ ಬೆನ್ನು ನೀವಿದಳು, ನೀರು ಕುಡಿಸಿದಳು, ಮಾತ್ರೆ ನುಂಗಿಸಿದಳು. ಎಲ್ಲ ಮುಗಿದ ಮೇಲೆ ನನ್ನ ಕಡೆ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಶ್ವೇತಕ್ಕ ಈಗ ಎಲ್ಲಿದಾರೆ?”

ಹೇಳಿದೆ. ಅವಳು ಅಪ್ಪನ ಜೇಬಿನಿಂದ ಫೋನ್ ತೆಗೆದುಕೊಂಡು, ನಮ್ಮೆದುರೇ ಕೂತು, ಒಟಿಪಿ ಬರುವ ನಂಬರನ್ನು ತನ್ನದಕ್ಕೆ ಬದಲಾಯಿಸುವ ದಾರಿ ಹುಡುಕತೊಡಗಿದಳು. ಅಪ್ಪ ಬೇಡ ಎನ್ನಲಿಲ್ಲ. ಹೊರಡುವಾಗ ಬಾಗಿಲ ತನಕ ಬಂದವರು ಅವರೇ. “ನಾನೂ ಹೇಳಬೇಕಿತ್ತು” ಎಂದರು, ನನಗೆ ಅಲ್ಲ, ಅಂಗಳಕ್ಕೆ ಹೇಳಿದ ಹಾಗೆ.

ಅದರ ಮಾರನೆಯ ದಿನದಿಂದ ನಾನು ಅಂಗಡಿಗೆ ಬಂದವರಿಗೆಲ್ಲ ನಿಜ ಹೇಳಿದೆ. ಬೋರ್ಡ್ ಬರೆದು ಹಾಕೋಣ ಎಂದುಕೊಂಡಿದ್ದೆ, ಆಸಿಫ್ ಬೇಡ, ಬಾಯಲ್ಲೇ ಹೇಳು, ಆಗ ನಿನಗೂ ನಾಟುತ್ತದೆ ಎಂದರು. ಅಷ್ಟು ಹೊತ್ತಿಗೆ ಅವರಿಗೂ ಹೇಳಿದ್ದೆ. ಒಂದು ಇಡೀ ದಿನ ನನ್ನ ಜೊತೆ ಮಾತಾಡಿರಲಿಲ್ಲ. ಕೆಲವರು, ಹೋಗಲಿ ಬಿಡು, ಅಪ್ಪ ತಾನೇ ಕೇಳಿದ್ದು ಎಂದರು. ಅವರ ಮಾತಿನಿಂದ ಸಮಾಧಾನ ಆಗಲಿಲ್ಲ. ಕೆಲವರು ಆಮೇಲೆ ಬರಲೇ ಇಲ್ಲ, ಕೊಪ್ಪಕ್ಕೆ ಹೋಗಿ ಅರ್ಜಿ ಹಾಕಿಸುತ್ತಾರೆ. ರಹಮಾನ್ ಕಾಕಾ ಪೂರ್ತಿ ಕೇಳಿದರು. ಆಮೇಲೆ, “ಆ ಹುಡುಗಿ ನನ್ನ ಕಣ್ಣಿಗೆ ಬಿದ್ದಾಗ ನಾನು ಮುಖ ತಿರುಗಿಸಿದ್ದೆ ಬೇಟಿ. ನನ್ನ ಪರವಾಗಿಯೂ ಕ್ಷಮೆ ಕೇಳು” ಎಂದರು. ಕೇಳಿದ್ದೇನೆ, ಇದೋ.

ನೀಲಿ ಪುಸ್ತಕವನ್ನು ಹಾಗೇ ಸುಡಲಿಲ್ಲ. ಒಬ್ಬೊಬ್ಬರನ್ನೇ ಕರೆದು, ಅವರ ಎದುರೇ ಹೊಸ ಪಾಸ್‌ವರ್ಡ್ ಅವರಿಂದಲೇ ಮಾಡಿಸಿ (ವೆಂಕಮ್ಮನವರೊಬ್ಬರು ಒಪ್ಪಲಿಲ್ಲ), ಹಳೆಯ ಸಾಲು ಕತ್ತರಿಸಿ ಅವರ ಕೈಗೇ ಕೊಟ್ಟೆ. ಮೂರು ವಾರ ಹಿಡಿಯಿತು. ಕಣ್ಣು ಮಂಜಾದವರಿಗೆ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಲು ಹೇಳಿದೆ, ಮನೆಯಲ್ಲಿ ಎಲ್ಲಿಡಬೇಕು ಎಂದು ತಿಳಿಸಿದೆ. ಸಂಜೆ ತಲೆ ಸಿಡಿಯುತ್ತಿತ್ತು. ನೀನಿದ್ದಿದ್ದರೆ ನಾಲ್ಕು ದಿನದ ಕೆಲಸ. ಕೊನೆಗೆ ಪುಸ್ತಕದಲ್ಲಿ ಬರಿಯ ರಟ್ಟು, ಕತ್ತರಿಸಿ ಉಳಿದ ಒಂದಿಷ್ಟು ಹಾಳೆಯ ಚೂರು ಉಳಿಯಿತು. ತೀರಿಹೋದವರ ಸಾಲುಗಳನ್ನು ಬಚ್ಚಲ ಒಲೆಗೆ ಹಾಕುವಾಗ ನಿನ್ನ ಅಕ್ಷರ ನೋಡಿ ಸ್ವಲ್ಪ ಹೊತ್ತು ಕೂತಿದ್ದೆ.

ಮೊನ್ನೆ ಬುಧವಾರ ಮೇಘನ ಅಂಗಡಿಗೆ ಬಂದಳು, ಪ್ರಿಂಟ್ ಬೇಕು ಎಂದು. ನಾನು ಕುರ್ಚಿ ಬಿಟ್ಟು ಎದ್ದು ಹೊರಗೆ ಬಂದು ನಿಂತೆ. ಅವಳೇ ಕೂತು, ತೆರೆದು, ಪ್ರಿಂಟ್ ಕೊಟ್ಟಳು. ಹಾಳೆ ಹೊರಗೆ ಬಂದಾಗ ನನ್ನನ್ನು ಕರೆದು ತೋರಿಸಿದಳು. ಶಿರಸಿ. ಅರಣ್ಯಶಾಸ್ತ್ರ. ನನಗೆ ಅಳು ತಡೆಯಲಿಲ್ಲ. ಅವಳು ಅಳಲಿಲ್ಲ, ನನ್ನ ಕೈ ಹಿಡಿಯಲೂ ಇಲ್ಲ. ಹಾಳೆ ಮಡಿಸಿಕೊಂಡು, ಅಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲು ಚಿಕ್ಕಪ್ಪನ ಮಗ ಅಭಿಷೇಕ ಒಪ್ಪಿದ್ದಾನೆ, ಅಪ್ಪ ಅಡುಗೆ ಕಲೀತಾ ಇದಾರೆ ಎಂದು ಹೇಳಿದಳು. ಹೊರಗೆ ಹೋದವಳು ತಿರುಗಿ ಬಂದು, “ಶ್ವೇತಕ್ಕನಿಗೆ ನಾನೇ ಹೇಳ್ತೀನಿ. ನೀವು ಮೊದಲು ಹೇಳಿ” ಎಂದಳು. ಹದಿನಾರನೆಯ ತಾರೀಖು ಅವಳು ಶಿರಸಿಗೆ ಹೋಗುತ್ತಾಳೆ. ಅದಕ್ಕೆ ಮುಂಚೆ ಒಂದು ದಿನ ಮೆಣಸೆಗೆ ಬರುತ್ತಾಳೆ. ಅವಳು ಬರುವ ಮೊದಲು ನಿನಗೆ ಇದು ತಲುಪಲಿ.

ವಾಪಸ್ ಬಾ ಎಂದು ಕೇಳುವುದಿಲ್ಲ. ಬಟ್ಟೆ ಅಂಗಡಿಯವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರೆ ಅಲ್ಲೇ ಇರು. ಒಂದು ವೇಳೆ ನಿನಗೇ ಬರಬೇಕು ಅನ್ನಿಸಿದರೆ, ಅಂಗಡಿಯ ಅರ್ಧ ನಿನ್ನ ಹೆಸರಿಗೆ. ಇದು ತಪ್ಪಿಗೆ ಕೊಡುವ ಪರಿಹಾರ ಅಲ್ಲ. ಆರು ವರ್ಷದ ಹಿಂದೆಯೇ ಮಾಡಬೇಕಿತ್ತು, ಆಸಿಫ್ ಕೂಡ ಅದನ್ನೇ ಹೇಳುತ್ತಾರೆ. ಬರದಿದ್ದರೂ ಪರವಾಗಿಲ್ಲ. ಆದರೆ ಒಂದು ದಿನ ಊಟಕ್ಕೆ ಬಾ. ನಿನಗೆಂದು ಬೇರೆ ಪಾತ್ರೆಯಲ್ಲಿ ಕಡುಬು ಬೇಯಿಸುತ್ತೇನೆ, ಕಾಯಿ ಚಟ್ನಿ ಮಾಡುತ್ತೇನೆ. ಎದುರು ಕೂತು ಬೈದುಬಿಡು. ನಿನಗೆ ಬೈಯಲು ಬರುವುದಿಲ್ಲ ಎಂದು ಗೊತ್ತು, ಆದರೂ ಪ್ರಯತ್ನ ಮಾಡು.

ಮಳೆಗೆ ನೆನೆದುಕೊಂಡು ಬಸ್ಸಿಗೆ ಓಡಬೇಡ. ನಿನಗೆ ಬೇಗ ಶೀತ ಆಗುತ್ತದೆ.

ನಿನ್ನ ಮುಂದೆ ತಲೆತಗ್ಗಿಸಿ ನಿಂತಿರುವ,
ನಿನ್ನ ಅಕ್ಕ
ಜಹೀರಾ

ಮ. ವಿಷಯ: ಕಾಗದ ಮಡಿಸಿ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದೆ. ಒಂದನ್ನು ಮೇಲೆ ಬರೆಯಲಾಗಲಿಲ್ಲ. ಸೋಮಶೇಖರಪ್ಪನವರು ಅತ್ತ ಆ ಮಧ್ಯಾಹ್ನ ಗಿರಾಕಿಗಳು ಇರಲಿಲ್ಲ ನಿಜ. ಆದರೆ ನೀನಿದ್ದೆ. ಒಳಗಿನ ಕೋಣೆಯಲ್ಲಿ ಜೆರಾಕ್ಸ್ ಹಾಳೆಯ ಕಟ್ಟು ಬಿಚ್ಚುತ್ತಿದ್ದೆ. ಅವರು ಮಾತಾಡಲು ಶುರು ಮಾಡಿದ ಮೇಲೆ ಕಟ್ಟು ಬಿಚ್ಚುವ ಸದ್ದು ನಿಂತಿತು. ನೀನು ಎಲ್ಲ ಕೇಳಿಸಿಕೊಂಡೆ ಎಂದು ನನಗೆ ಆಗಲೇ ಗೊತ್ತಾಯಿತು. ಈ ಒಂದು ವರ್ಷ ನಿನಗೆ ಏನೂ ಗೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮಲಗಿದ್ದೇನೆ. ನೀನು ನನ್ನನ್ನು ಬಿಟ್ಟುಕೊಡುವುದಿಲ್ಲ ಎಂದು ಗೊತ್ತಿದ್ದೇ, ಅಷ್ಟು ಜನರ ಎದುರು, ನಿನ್ನನ್ನು ಆ ಪ್ರಶ್ನೆ ಕೇಳಿದೆ.